ಸೋಲುತ್ತಿರುವ ತಂಡ ಕೊನೇ ನಿಮಿಷದಲ್ಲೂ ಟೈಮ್‌ಔಟ್ ಕೇಳುವುದೇಕೆ? ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಅರ್ಹತೆಯ ಲೆಕ್ಕಾಚಾರ

ಮಾಟುಂಗಾ ಸೆಂಟರ್

ಮುಂಬೈ, ಪುಣೆ, ಗೋವಾದ ನಮ್ಮ ಬಳಗದಲ್ಲಿ ಪ್ರತಿ ವಿಂಡೋ (ರಾಷ್ಟ್ರೀಯ ತಂಡಗಳ ಪಂದ್ಯಕ್ಕೆ ಮೀಸಲಿಟ್ಟ ದಿನಗಳು) ಬಂದಾಗಲೂ ಇದೇ ಪ್ರಶ್ನೆ ಏಳುತ್ತದೆ. ಐವತ್ತು ಸೆಕೆಂಡ್ ಉಳಿದಿದೆ, ಭಾರತ 12 ಅಂಕ ಹಿಂದಿದೆ, ಗೆಲ್ಲುವ ದಾರಿ ಮುಚ್ಚಿದೆ. ಆದರೂ ಕೋಚ್ ಟೈಮ್‌ಔಟ್ ಕೇಳುತ್ತಾರೆ, ಆಡುವವರು ಕೊನೇ ಚೆಂಡಿಗೂ ಬೀಳುತ್ತಾರೆ ಏಳುತ್ತಾರೆ. ಹೊಸದಾಗಿ ನೋಡುವವರಿಗೆ ಇದು ಅರ್ಥವಾಗುವುದಿಲ್ಲ. ಉತ್ತರ ಇರುವುದು ಅರ್ಹತಾ ಸುತ್ತಿನ ನಿಯಮದಲ್ಲಿ. ಅದನ್ನು ಒಂದೇ ಕಡೆ ಬರೆದಿಟ್ಟುಕೊಳ್ಳೋಣ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ.

ಮೊದಲು ಚೌಕಟ್ಟು. 2027ರ ಫೀಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ವಿಶ್ವಕಪ್ ಕತಾರ್‌ನಲ್ಲಿ, ಆಗಸ್ಟ್ 27ರಿಂದ ಸೆಪ್ಟೆಂಬರ್ 12ರವರೆಗೆ. ಒಟ್ಟು 32 ತಂಡ. ಯುರೋಪಿಗೆ 12, ಅಮೆರಿಕ ಖಂಡಗಳಿಗೆ 7, ಆಫ್ರಿಕಾಕ್ಕೆ 5, ಏಷ್ಯಾ ಮತ್ತು ಓಷಿಯಾನಿಯಾ ಎರಡಕ್ಕೂ ಸೇರಿ 8. ಆ ಎಂಟರಲ್ಲಿ ಒಂದು ಆತಿಥೇಯ ಕತಾರ್‌ನದ್ದು, ಅಂದರೆ ಆಡಿ ಗೆಲ್ಲಬೇಕಾದ್ದು ಏಳು. ಆ ಏಳಕ್ಕೆ ಪೈಪೋಟಿ ಮಾಡುವವರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡ ಇದ್ದಾರೆ ಅನ್ನುವುದನ್ನು ಮರೆಯಬಾರದು. 2017ರಿಂದ ಏಷ್ಯಾದ ಪಾಲಿಗೆ ಇದೇ ದೊಡ್ಡ ಬದಲಾವಣೆ.

ಏಷ್ಯಾದಲ್ಲಿ 16 ತಂಡ, ನಾಲ್ಕು ನಾಲ್ಕರ ನಾಲ್ಕು ಗುಂಪು. ಪ್ರತಿಯೊಬ್ಬರ ಜೊತೆ ಮನೆಯಲ್ಲೊಂದು, ಹೊರಗೊಂದು, ಒಟ್ಟು ಆರು ಪಂದ್ಯ. ಗುಂಪಿನಲ್ಲಿ ಮೊದಲ ಮೂರು ಸ್ಥಾನದವರು ಮುಂದಕ್ಕೆ, ನಾಲ್ಕನೆಯವರು ಮನೆಗೆ. ಉಳಿದ 12 ತಂಡ ಆರು ಆರರ ಎರಡು ಗುಂಪಾಗುತ್ತವೆ. ಮೊದಲ ಸುತ್ತಿನ ಫಲಿತಾಂಶವೂ ಜೊತೆಗೇ ಬರುತ್ತದೆ, ಹೊಸದಾಗಿ ಎದುರಾಗುವ ಮೂವರ ಜೊತೆ ಮತ್ತೆ ಆರು ಪಂದ್ಯ. ಕೊನೆಗೆ ಎರಡೂ ಗುಂಪಿನ ಮೊದಲ ಮೂವರು, ಜೊತೆಗೆ ನಾಲ್ಕನೇ ಸ್ಥಾನದವರಲ್ಲಿ ಉತ್ತಮರು ಒಬ್ಬರು. ಇದೆಲ್ಲ ಆರು ವಿಂಡೋಗಳಲ್ಲಿ, 2025ರ ನವೆಂಬರ್‌ನಿಂದ 2027ರ ಮಾರ್ಚ್ ಒಳಗೆ.

ಭಾರತ ಇರುವ ಡಿ ಗುಂಪಿನಲ್ಲಿ ಲೆಬನಾನ್, ಸೌದಿ ಅರೇಬಿಯಾ, ಕತಾರ್.

ಚಿಂಚವಾಡ ಜಂಪ್‌ಶಾಟ್

ಈ 16 ತಂಡಗಳನ್ನು ಯಾರು ಆರಿಸುತ್ತಾರೆ? ರ್‍ಯಾಂಕಿಂಗ್ ನೋಡಿಯೇ?

ವಾಸ್ಕೋ ಸ್ಕೋರ್‌ಶೀಟ್

ರ್‍ಯಾಂಕಿಂಗ್ ಬೇಕಾಗುವುದು ಡ್ರಾ ಎತ್ತುವಾಗ, ಬಲಾಬಲದ ಪ್ರಕಾರ ಯಾರು ಯಾವ ಪಾಟ್‌ನಲ್ಲಿ ಅಂತ ತೀರ್ಮಾನಿಸಲು. ಒಳಗೆ ಬರುವ ಬಾಗಿಲು ಏಷ್ಯಾ ಕಪ್. 2025ರ ಆಗಸ್ಟ್‌ನಲ್ಲಿ ಜೆದ್ದಾದಲ್ಲಿ ಏಷ್ಯಾ ಕಪ್ ಆಡಿದ 16 ತಂಡಗಳೇ ಈಗ ವಿಶ್ವಕಪ್ ಅರ್ಹತೆ ಆಡುತ್ತಿರುವುದು. ಆದ್ದರಿಂದ ಏಷ್ಯಾ ಕಪ್ ಅರ್ಹತೆ ತಪ್ಪಿಸಿಕೊಂಡ ತಂಡಕ್ಕೆ ಒಂದು ಟೂರ್ನಿ ಮಾತ್ರ ತಪ್ಪುವುದಿಲ್ಲ, ವಿಶ್ವಕಪ್ಪಿನ ಇಡೀ ಚಕ್ರವೇ ಕೈತಪ್ಪುತ್ತದೆ. ಇದನ್ನು ನಮ್ಮ ಪತ್ರಿಕೆಗಳು ಸರಿಯಾಗಿ ಬರೆಯುವುದೇ ಇಲ್ಲ.

ಭಾರತ ಆ ಬಾಗಿಲು ದಾಟಿದ್ದು ಹೇಗೆಂದು ನೋಡಿ. ಏಷ್ಯಾ ಕಪ್ ಅರ್ಹತೆಗೆ 24 ತಂಡ, ಆರು ಗುಂಪು. ಭಾರತದ ಜೊತೆ ಇರಾನ್, ಕತಾರ್, ಕಜಾಕ್‌ಸ್ತಾನ್. ಪ್ರತಿ ಗುಂಪಿನ ಮೊದಲಿಬ್ಬರು ನೇರ ಪ್ರವೇಶ, ಹನ್ನೆರಡು ಜಾಗ ಅಲ್ಲಿಗೆ ತುಂಬಿತು. ಮೂರನೇ ಸ್ಥಾನದ ಆರು ತಂಡಕ್ಕೆ 2025ರ ಮಾರ್ಚ್‌ನಲ್ಲಿ ಇನ್ನೊಂದು ಅವಕಾಶ: ಮೂರು ಮೂರರ ಎರಡು ಗುಂಪು, ಪ್ರತಿ ಗುಂಪಿನಿಂದ ಇಬ್ಬರು. ಭಾರತ ಬಹ್ರೇನ್‌ನ ಮನಾಮಾಕ್ಕೆ ಹೋಗಿ ಬಹ್ರೇನ್, ಇರಾಕ್ ಜೊತೆ ಆಡಿ ಅರ್ಹತೆ ಪಡೆಯಿತು. 2024ರ ನವೆಂಬರ್‌ನಲ್ಲಿ ಚೆನ್ನೈನಲ್ಲಿ ಕಜಾಕ್‌ಸ್ತಾನವನ್ನು ಸೋಲಿಸಿರದಿದ್ದರೆ ಆ ಮೂರನೇ ಸ್ಥಾನವೇ ಕಷ್ಟವಿತ್ತು. ಮನಾಮಾದ ಟಿಕೆಟ್ ಚೆನ್ನೈನಲ್ಲೇ ಸಿಕ್ಕಿದ್ದು ಅಂತಲೇ ನಾನು ಹೇಳುತ್ತೇನೆ.

ಡೆಕ್ಕನ್ ಪಾಯಿಂಟ್‌ಗಾರ್ಡ್

ಮೂಲ ಪ್ರಶ್ನೆಗೆ ಬರೋಣ್ರಿ. ಟೇಬಲ್ ಹೆಂಗ ಓದಬೇಕು ಅನ್ನೋದು ಮೊದಲು ತಿಳೀಬೇಕು.

ಗೆದ್ರ 2 ಪಾಯಿಂಟ್, ಸೋತ್ರ 1. ಬ್ಯಾಸ್ಕೆಟ್‌ಬಾಲ್‌ನ್ಯಾಗ ಸೋತವರಿಗೂ ಒಂದು ಸಿಗ್ತದ. ಹಿಂಗಾಗಿ ಆಡಿದ ಪಂದ್ಯ ಎಷ್ಟು, ಅದಕ್ಕ ಗೆದ್ದ ಪಂದ್ಯ ಎಷ್ಟು ಕೂಡಿಸಿದ್ರ ಪಾಯಿಂಟ್ ಬಂದಬಿಡ್ತದ. ಆರು ಪಂದ್ಯದಾಗ ಎರಡು ಗೆದ್ರ 8, ಒಂದೂ ಗೆಲ್ಲಲಿಲ್ಲ ಅಂದ್ರ 6.

ನಾಲ್ಕು ತಂಡದ ಗುಂಪಿನಾಗ ಮೂರನೇ ಸ್ಥಾನ ಬೇಕಂದ್ರ ಎಷ್ಟು ಗೆಲ್ಲಬೇಕು? ಮ್ಯಾಲಿನ ಎರಡು ತಂಡ ಗಟ್ಟಿ ಇದ್ದು, ಕೆಳಗಿನ ಇಬ್ಬರನ್ನೂ ಎರಡೆರಡು ಸಲ ಸೋಲಿಸಿದ್ರು ಅಂತ ಹಿಡೀರಿ. ಆವಾಗ ಕೆಳಗಿನ ಇಬ್ಬರ ಹಣೆಬರಹ ಅವರವರ ನಡುವಿನ ಎರಡು ಪಂದ್ಯದಾಗ ನಿರ್ಧಾರ ಆಗ್ತದ. ಒಬ್ರು ಎರಡೂ ಗೆದ್ರ ಮುಗೀತು. ಇಬ್ರೂ ತಮ್ಮ ತಮ್ಮ ಮನ್ಯಾಗ ಒಂದೊಂದು ಗೆದ್ರು ಅಂದ್ರ ಇಬ್ಬರದೂ 7 ಪಾಯಿಂಟ್, ಸರಿಸಮ. ಆವಾಗ ನೋಡೋದು ಆ ಎರಡು ಪಂದ್ಯದ ಅಂಕಗಳ ಅಂತರ ಅಷ್ಟ.

ಉದಾಹರಣೆ: ಹೊರಗ 70–78 ಸೋತ್ರಿ, ಅಂತರ 8. ಮನ್ಯಾಗ 9 ಅಂಕದಿಂದ ಗೆದ್ರ ನೀವು ಮ್ಯಾಲ. ಅದೇ ಹೊರಗ 12ರಿಂದ ಸೋತಿದ್ರ ಮನ್ಯಾಗ 13ರಿಂದ ಗೆಲ್ಲಬೇಕು. ಆ ಕೊನೇ ಐವತ್ತು ಸೆಕೆಂಡಿನಾಗ 12ನ್ನ 8ಕ್ಕ ಇಳಿಸಿದ್ರ ಮುಂದಿನ ಪಂದ್ಯದಾಗ ನಾಲ್ಕು ಅಂಕದ ಹೊರೆ ಕಡಿಮಿ ಆತು. ಟೈಮ್‌ಔಟ್ ಇರೋದು ಅದಕ್ಕ.

ಇನ್ನೊಂದು ಮಾತು. ವೆಬ್‌ಸೈಟಿನ ಟೇಬಲ್‌ನ್ಯಾಗ ಕಾಣೋದು ಎಲ್ಲಾ ಪಂದ್ಯದ ಒಟ್ಟು ಅಂತರ. ಟೈ ಆದಾಗ ಮೊದಲು ನೋಡೋದು ಅದನ್ನಲ್ಲ. ಐಪಿಎಲ್ ನೆಟ್ ರನ್ ರೇಟ್ ನೋಡಿ ರೂಢಿ ಆದವರು ಇಲ್ಲೇ ಎಡವುತಾರ. ಪರಸ್ಪರ ಆಡಿದ ಪಂದ್ಯಗಳ ಅಂತರ ಟೇಬಲ್‌ನ್ಯಾಗ ಇರಂಗಿಲ್ಲ, ನಾವೇ ಬರಕೊಬೇಕು.

ನಾಗಪಾಡಾ ಬೆಂಚ್

ಆ ಐವತ್ತು ಸೆಕೆಂಡನ್ನು ಬಿಡಿಸಿ ನೋಡೋಣ. ಬೇಕೆಂದೇ ಫೌಲ್ ಮಾಡುವುದು ಯಾವಾಗಲೂ ಸರಿಯಲ್ಲ. ಅಂತರ ಇಳಿಸಬೇಕಾದಾಗ ಎಷ್ಟೋ ತಂಡಗಳು ಫೌಲ್ ಮಾಡಿಯೇ ಅಂತರ ಹೆಚ್ಚಿಸಿಕೊಳ್ಳುತ್ತವೆ.

ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ತುಂಬಿದ ಮೇಲೆ ಐದನೆಯದರಿಂದ ಎರಡು ಫ್ರೀ ಥ್ರೋ. ಎದುರಾಳಿ ನೂರಕ್ಕೆ 80 ಹಾಕುವವನಾದರೆ ಪ್ರತಿ ಫೌಲ್‌ಗೆ ಸರಾಸರಿ 1.6 ಅಂಕ ಕೊಟ್ಟ ಹಾಗೆ. ನೀವು ಓಡಿಹೋಗಿ ಎಸೆಯುವ ಮೂರಂಕದ ಶಾಟ್ ನೂರಕ್ಕೆ 35 ಬಿದ್ದರೆ ಸಿಗುವುದು 1.05. ಪ್ರತಿ ವಿನಿಮಯದಲ್ಲೂ ಅರ್ಧ ಅಂಕ ನಷ್ಟ! ಗೆಲ್ಲಲೇಬೇಕಾದಾಗ ಈ ಜೂಜು ಆಡಬಹುದು, ಯಾಕೆಂದರೆ 1ರಿಂದ ಸೋತರೂ 20ರಿಂದ ಸೋತರೂ ಒಂದೇ. ಅಂತರ ಉಳಿಸಬೇಕಾದಾಗ ಇದು ತಪ್ಪು ಆಟ. ಫೌಲ್ ಮಾಡುವುದಿದ್ದರೆ ನೂರಕ್ಕೆ ಐವತ್ತು ಹಾಕುವ ದೊಡ್ಡ ಆಳಿಗೆ ಮಾಡಬೇಕು. ಇಲ್ಲವಾದರೆ ಶಾಟ್ ಕ್ಲಾಕ್, ಅಂದರೆ ಒಂದು ದಾಳಿಗೆ ಸಿಗುವ 24 ಸೆಕೆಂಡ್, ಗಟ್ಟಿಯಾಗಿ ಕಾವಲು ನಿಂತು ಚೆಂಡು ತೆಗೆದುಕೊಳ್ಳಬೇಕು.

ಫೌಲ್‌ನ ಜಾತಿಯೂ ಮುಖ್ಯ. ಕೊನೇ ಎರಡು ನಿಮಿಷದಲ್ಲಿ ಥ್ರೋ-ಇನ್ ಮಾಡುವವನ (ಗೆರೆಯಾಚೆಯಿಂದ ಚೆಂಡು ಒಳಗೆ ಕೊಡುವವನ) ಕೈಯಿಂದ ಚೆಂಡು ಬಿಡುವ ಮೊದಲೇ ಒಳಗಿದ್ದವನನ್ನು ಹಿಡಿದರೆ ಅದು ಥ್ರೋ-ಇನ್ ಫೌಲ್: ಒಂದು ಫ್ರೀ ಥ್ರೋ, ಮೇಲೆ ಚೆಂಡೂ ಅವರಿಗೇ. ಚೆಂಡಿನ ಕಡೆ ನೋಡದೆ ಹಿಂದಿನಿಂದ ಅಪ್ಪಿ ಹಿಡಿದರೆ ಅನ್‌ಸ್ಪೋರ್ಟ್ಸ್‌ಮನ್‌ಲೈಕ್: ಎರಡು ಫ್ರೀ ಥ್ರೋ ಮತ್ತು ಚೆಂಡು. ಇಂಥ ಒಂದೇ ಒಂದು ಶಿಳ್ಳೆಗೆ ನಾಲ್ಕೈದು ಅಂಕ ಹೋಗುತ್ತದೆ. ಎಂಟಕ್ಕೆ ಇಳಿಯಬೇಕಾದದ್ದು ಹದಿನಾರಕ್ಕೆ ಏರುತ್ತದೆ.

ಟೈಮ್‌ಔಟ್ ಲೆಕ್ಕ: ಮೊದಲರ್ಧಕ್ಕೆ 2, ದ್ವಿತೀಯಾರ್ಧಕ್ಕೆ 3, ಆದರೆ ನಾಲ್ಕನೇ ಕ್ವಾರ್ಟರ್‌ನ ಕೊನೇ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಸಿಗುವುದಿಲ್ಲ. ಮೂರನ್ನೂ ಕೊನೆಗೆ ಅಂತ ಇಟ್ಟುಕೊಂಡವರಿಗೆ ಒಂದು ದಂಡ. ಆ ಎರಡು ನಿಮಿಷದಲ್ಲಿ ಬ್ಯಾಸ್ಕೆಟ್ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಟೈಮ್‌ಔಟ್ ಕೇಳಿದರೆ ಥ್ರೋ-ಇನ್ ಅನ್ನು ಹಿಂದಿನ ಅಂಗಳದ (ತಮ್ಮ ಬುಟ್ಟಿಯ ಕಡೆಯ ಅರ್ಧದ) ಬದಲು ಮುಂದಿನ ಅಂಗಳದಿಂದ ತೆಗೆದುಕೊಳ್ಳಬಹುದು. ಶಾಟ್ ಕ್ಲಾಕ್ 14ಕ್ಕೆ ಇಳಿಯುತ್ತದೆ, ಆದರೆ ಕೋರ್ಟ್ ದಾಟಲು ಬೇಕಾದ ನಾಲ್ಕೈದು ಸೆಕೆಂಡ್ ಉಳಿಯುತ್ತದೆ. ಕೋಚ್ ಟೈಮ್‌ಔಟ್ ಕೇಳುವುದರಲ್ಲಿ ಮಾತಿಗಿಂತ ಈ ಜಾಗದ ಲಾಭವೇ ದೊಡ್ಡದು.

ಗೆಲ್ಲುತ್ತಿರುವ ತಂಡಕ್ಕೂ ಇದೇ ನಿಯಮ. ಕ್ಲಬ್ ಪಂದ್ಯಗಳಲ್ಲಿ 15 ಅಂಕ ಮುಂದಿದ್ದರೆ ಕೊನೇ ಚೆಂಡನ್ನು ಕೈಯಲ್ಲಿ ಹಿಡಿದು ಗಡಿಯಾರ ಮುಗಿಸುವುದು ಮರ್ಯಾದೆ. ವಿಂಡೋ ಪಂದ್ಯದಲ್ಲಿ ಬಜರ್‌ವರೆಗೂ ಎಸೆಯುತ್ತಾರೆ. ಅದನ್ನು ಅವಮಾನ ಅಂತ ತಿಳಿಯಬಾರದು.

ಚಿಂಚವಾಡ ಜಂಪ್‌ಶಾಟ್

9 ಅಂಕದಿಂದ ಗೆಲ್ಲಬೇಕು, ಕೊನೆಯಲ್ಲಿ 2 ಅಂಕ ಮಾತ್ರ ಮುಂದಿದ್ದೇವೆ ಅಂದುಕೊಳ್ಳಿ. ನಮ್ಮದೇ ಬುಟ್ಟಿಗೆ ಹಾಕಿ ಸಮ ಮಾಡಿ, ಓವರ್‌ಟೈಮ್‌ನ ಐದು ನಿಮಿಷದಲ್ಲಿ 9 ತೆಗೆಯಬಹುದಲ್ಲ?

ವಾಸ್ಕೋ ಸ್ಕೋರ್‌ಶೀಟ್

ಆಗುವುದಿಲ್ಲ. ಬೇಕೆಂದೇ ತನ್ನ ಬುಟ್ಟಿಗೆ ಹಾಕಿದರೆ ಅದು ವಯಲೇಷನ್, ಆ ಅಂಕ ಲೆಕ್ಕಕ್ಕಿಲ್ಲ, ಚೆಂಡು ಎದುರಾಳಿಗೆ. ಕೈತಪ್ಪಿ ಬಿದ್ದದ್ದಾದರೆ ಮಾತ್ರ ಅಂಕ ಎದುರಾಳಿಗೆ ಹೋಗುತ್ತದೆ, ಸ್ಕೋರ್‌ಶೀಟ್‌ನಲ್ಲಿ ಅದನ್ನು ಅಂಕಣದಲ್ಲಿರುವ ಎದುರಾಳಿ ನಾಯಕನ ಹೆಸರಿಗೆ ಬರೆಯಬೇಕು. ನಿಯಮ ಬರೆದವರಿಗೆ ಈ ಆಸೆ ಮೊದಲೇ ಗೊತ್ತಿತ್ತು.

ಗುಂಪು ಹಂತದ ವಿಂಡೋ ಪಂದ್ಯ ಸಮವಾಗಿ ಮುಗಿಯುವುದಿಲ್ಲ, ಓವರ್‌ಟೈಮ್ ಆಡಲೇಬೇಕು. ಓವರ್‌ಟೈಮ್‌ನ ಅಂಕವೂ ಅಂತರಕ್ಕೆ ಸೇರುತ್ತದೆ. ಇದು ಎರಡೂ ಕಡೆ ಕೊಯ್ಯುತ್ತದೆ. ಜೆದ್ದಾದಲ್ಲಿ ಭಾರತ ಜೋರ್ಡಾನ್ ವಿರುದ್ಧ 40 ನಿಮಿಷ ಸಮಬಲದಲ್ಲಿ ನಿಂತು ಓವರ್‌ಟೈಮ್‌ನಲ್ಲಿ 84–91ಕ್ಕೆ ಸೋತಿತು. ಸಮನಾಗಿದ್ದ ಪಂದ್ಯ ಐದೇ ನಿಮಿಷದಲ್ಲಿ ಮೈನಸ್ ಏಳು.

ಬರದೇ ಇರುವುದರ ಶಿಕ್ಷೆ ಇನ್ನೂ ಕಠಿಣ. ಆರಂಭದ ಸಮಯ ದಾಟಿ 15 ನಿಮಿಷದೊಳಗೆ ಐವರು ಅಂಗಣಕ್ಕಿಳಿಯದಿದ್ದರೆ ಫಾರ್ಫೀಟ್: 20–0, ಮತ್ತು ಸೋಲಿಗೆ ಸಿಗುವ ಆ 1 ಪಾಯಿಂಟೂ ಇಲ್ಲ. ಆಡುತ್ತಾ ಆಡುತ್ತಾ ಫೌಲ್, ಗಾಯಗಳಿಂದ ಒಬ್ಬನೇ ಉಳಿದರೆ ಅದು ಡಿಫಾಲ್ಟ್, ಅದರಲ್ಲಿ 1 ಪಾಯಿಂಟ್ ಉಳಿಯುತ್ತದೆ. 2023ರ ವಿಶ್ವಕಪ್ ಅರ್ಹತೆಯಲ್ಲಿ ದಕ್ಷಿಣ ಕೊರಿಯಾ ಇದಕ್ಕೂ ದೊಡ್ಡ ಬೆಲೆ ತೆತ್ತಿತು. 2022ರ ಫೆಬ್ರುವರಿಯಲ್ಲಿ ತಂಡದಲ್ಲಿ ಕೋವಿಡ್ ಕಾಣಿಸಿಕೊಂಡು ಮನಿಲಾಕ್ಕೆ ಹೋಗಲಿಲ್ಲ. ಫೀಬಾ ಅವರನ್ನು ಅರ್ಹತೆಯಿಂದಲೇ ತೆಗೆದುಹಾಕಿತು. ಆ ಗುಂಪಿನಲ್ಲಿ ಉಳಿದವರು ನ್ಯೂಜಿಲೆಂಡ್, ಫಿಲಿಪ್ಪೀನ್ಸ್, ಭಾರತ. ಮೂವರೂ ಎರಡನೇ ಸುತ್ತಿಗೆ ಹೋದರು. ಭಾರತ ಎರಡನೇ ಸುತ್ತು ಕಂಡದ್ದು ಹಾಗೆ. ಅಲ್ಲಿ ಲೆಬನಾನ್, ಜೋರ್ಡಾನ್, ಸೌದಿ ಎದುರಾದವು.

ಡೆಕ್ಕನ್ ಪಾಯಿಂಟ್‌ಗಾರ್ಡ್

ಮೂರು ತಂಡ ಸರಿಸಮ ಆದ್ರ ಏನು ಅಂತ ಕೇಳಂಗಾರೀ. ಬಲ್ಲವರೂ ತಪ್ಪುವ ಜಾಗ ಅದು, ಅದಕ್ಕ ಅಂಕಿ ಹಾಕಿ ತೋರಸ್ತೀನಿ.

ತಂಡ ಅ, ಬ, ಕ. ಮೂವರ ನಡುವ ತಲಾ ನಾಲ್ಕು ಪಂದ್ಯ, ಎಲ್ಲಾರೂ ಎರಡು ಗೆದ್ದು ಎರಡು ಸೋತಾರ. ಫಲಿತಾಂಶ ಹಿಂಗ: ಅ ತಂಡ ಕ-ನ್ನ 10ರಿಂದ ಮತ್ತ 8ರಿಂದ ಸೋಲಿಸಿತು. ಬ ತಂಡ ಅ-ನ್ನ 4ರಿಂದ, 5ರಿಂದ ಸೋಲಿಸಿತು. ಕ ತಂಡ ಬ-ನ್ನ 6ರಿಂದ, 5ರಿಂದ ಸೋಲಿಸಿತು.

ಈ ಪಂದ್ಯಗಳ ಅಂತರ ಅಷ್ಟ ಕೂಡಿಸ್ರಿ. ಅ: 18ರಾಗ 9 ಹೋಗಿ +9. ಬ: 9ರಾಗ 11 ಹೋಗಿ –2. ಕ: 11ರಾಗ 18 ಹೋಗಿ –7. ಮೂವರ ಅಂತರವೂ ಬ್ಯಾರೆ ಬ್ಯಾರೆ, ಹಿಂಗಾಗಿ ಈ ಒಂದೇ ಮೆಟ್ಟಿಲಿನಾಗ ಅ, ಬ, ಕ ಅಂತ ತೀರ್ಮಾನ ಆತು. ಕ ತಂಡ ಬ-ನ್ನ ಎರಡೂ ಸಲ ಸೋಲಿಸ್ಯದ, ಅದಕ್ಕ ಕ ಮ್ಯಾಲ ಅನ್ನೋದು ತಪ್ಪು. ನಿಯಮ ಏನಂದ್ರ, ಅಂತರದಿಂದ ಒಂದು ತಂಡದ ಸ್ಥಾನ ಗೊತ್ತಾಗಿ ಉಳಿದವರು ಇನ್ನೂ ಸರಿಸಮ ಇದ್ರ ಮಾತ್ರ ಅವರಿಗೆ ಮತ್ತ ಮೊದಲಿಂದ ಶುರು ಮಾಡಬೇಕು. ಇಲ್ಲಿ ಬ ಮತ್ತ ಕ ಸರಿಸಮ ಇಲ್ಲ.   ಅಂದಮ್ಯಾಲ ಎರಡನೇ ಸ್ಥಾನ ಬ-ದು, ಕ-ನ ಎದುರು ಎರಡೂ ಸಲ ಸೋತಿದ್ರೂ. ಕ ಮೂರನೇದು.

ಗುಂಪಿನಾಗ ಮೂವರು ಹೋಗೋದು ಅಂತ ಸುಮ್ಮನಿರಬ್ಯಾಡ್ರಿ. ಫಲಿತಾಂಶ ಮುಂದಿನ ಸುತ್ತಿಗೂ ಬರ್ತದ. ಅಲ್ಲಿ ಇದೇ ಮೂವರು ಮತ್ತ ಒಂದೇ ಗುಂಪಿನಾಗ ಇರ್ತಾರ, ಹಳೇ ಅಂತರ ಮತ್ತ ಎದ್ದು ಕೂಡ್ತದ.

ಮಾಟುಂಗಾ ಸೆಂಟರ್

ವಿಂಡೋ ಬಗ್ಗೆ ಎರಡು ಮಾತು. 2017ರ ನವೆಂಬರ್‌ಗೆ ಮೊದಲು ಖಂಡದ ಚಾಂಪಿಯನ್‌ಶಿಪ್ಪೇ ಅರ್ಹತೆಯಾಗಿತ್ತು. 2013ರಲ್ಲಿ ಮನಿಲಾದಲ್ಲಿ ಇರಾನ್, ಫಿಲಿಪ್ಪೀನ್ಸ್, ಕೊರಿಯಾ ಮೊದಲ ಮೂರರಲ್ಲಿ ಬಂದು 2014ರ ವಿಶ್ವಕಪ್ಪಿಗೆ ಹೋದವು. ಹತ್ತು ಹನ್ನೊಂದು ದಿನದಲ್ಲಿ ನಾಲ್ಕು ವರ್ಷದ ಭವಿಷ್ಯ ಮುಗಿಯುತ್ತಿತ್ತು. ಈಗ ಹದಿನೈದು ಹದಿನಾರು ತಿಂಗಳು ಎಳೆಯುತ್ತದೆ, ಪ್ರತಿ ದೇಶಕ್ಕೂ ಮನೆಯ ಪಂದ್ಯ ಸಿಗುತ್ತದೆ.

ತೊಡಕು ಇರುವುದು ಕ್ಯಾಲೆಂಡರ್‌ನಲ್ಲಿ. ನವೆಂಬರ್ ಮತ್ತು ಫೆಬ್ರುವರಿ ವಿಂಡೋಗಳಲ್ಲಿ ಎನ್‌ಬಿಎ ತನ್ನ ಆಟಗಾರರನ್ನು ಬಿಡುವುದಿಲ್ಲ, ಯೂರೋಲೀಗ್ ಕ್ಲಬ್‌ಗಳ ಜೊತೆಗೂ ಜಗಳ ತಪ್ಪಿಲ್ಲ. ಜೂನ್–ಜುಲೈ ಮತ್ತು ಆಗಸ್ಟ್ ಕೊನೆಯ ವಿಂಡೋಗಳಲ್ಲಿ ದೊಡ್ಡ ಹೆಸರುಗಳು ಬರಬಹುದು. ಹಾಗಾಗಿ ಒಂದೇ ದೇಶ ನವೆಂಬರ್‌ನಲ್ಲಿ ಒಂದು ತಂಡ, ಜುಲೈನಲ್ಲಿ ಇನ್ನೊಂದು ತಂಡ.

ಭಾರತಕ್ಕೆ ಚಳಿಗಾಲದ ವಿಂಡೋ ಲಾಭ ಅಂತ ಕೆಲವರು ಬರೆಯುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಪಶ್ಚಿಮ ಏಷ್ಯಾದ ನಮ್ಮ ಎದುರಾಳಿಗಳ ಮುಖ್ಯ ಆಟಗಾರರು ಹೆಚ್ಚಿನಂಶ ಅವರವರ ದೇಶದ ಲೀಗ್‌ಗಳಲ್ಲೇ ಇದ್ದಾರೆ, ನವೆಂಬರ್‌ನಲ್ಲೂ ಸಿಗುತ್ತಾರೆ. ಅದೂ ಅಲ್ಲದೆ ಅವರು ವಾರ ವಾರ ಲೀಗ್ ಆಡಿ ಬಂದಿರುತ್ತಾರೆ. ನಮ್ಮವರು ರೈಲ್ವೇಸ್, ಸರ್ವಿಸಸ್, ಓಎನ್‌ಜಿಸಿ, ಐಓಬಿ ಅಂತ ಬೇರೆ ಬೇರೆ ಕಡೆಯಿಂದ ಬಂದು ಶಿಬಿರದಲ್ಲಿ ಕೂಡಿಕೊಳ್ಳಬೇಕು. ನಾಲ್ಕನೇ ಕ್ವಾರ್ಟರ್‌ನಲ್ಲಿ ನಾವು ಕುಸಿಯುವುದಕ್ಕೆ ದಮ್ಮಿನ ಕೊರತೆಗಿಂತ ಇದೇ ಹೆಚ್ಚು ಕಾರಣ: ಒತ್ತಡದಲ್ಲಿ ಯಾರ ಪಾಸ್ ಎಲ್ಲಿಗೆ ಬರುತ್ತದೆ ಅನ್ನುವುದು ಲೀಗ್ ಆಡಿದವರಿಗೆ ಮೈಗೂಡಿರುತ್ತದೆ.

2025ರ ನವೆಂಬರ್ ವಿಂಡೋದಲ್ಲಿ ಭಾರತ–ಸೌದಿ ಎರಡೂ ಪಂದ್ಯ ಬೆನ್ನಿಗೆ ಬೆನ್ನು ಬಂದವು. ಇಂಥ ವೇಳಾಪಟ್ಟಿಯಲ್ಲಿ ಮೊದಲ ಪಂದ್ಯದ ಅಂತರ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಎರಡನೆಯದು ಆಡಬೇಕು, ನಡುವೆ ವಿಮಾನ ಪ್ರಯಾಣ ಬೇರೆ. ತಿದ್ದಿಕೊಳ್ಳಲು ಸಿಗುವುದು ಒಂದೋ ಎರಡೋ ಅಭ್ಯಾಸ.

ಚಿಂಚವಾಡ ಜಂಪ್‌ಶಾಟ್

ಎಲ್ಲರೂ ಒಬ್ಬ ಅಮೆರಿಕನ್ ಆಟಗಾರನನ್ನು ಸೇರಿಸಿಕೊಂಡಿರುತ್ತಾರೆ, ನಮಗೆ ಮಾತ್ರ ಯಾಕಿಲ್ಲ? ಸಿಮ್ ಭುಲ್ಲರ್ ಅಂಥವರನ್ನಾದರೂ ಕರೆತರಬಹುದಿತ್ತಲ್ಲ.

ನಾಗಪಾಡಾ ಬೆಂಚ್

ಫೀಬಾ ನಿಯಮ ಸರಳ. 16 ವರ್ಷ ತುಂಬುವ ಮೊದಲು ಆ ದೇಶದ ಪಾಸ್‌ಪೋರ್ಟ್ ಪಡೆದಿರಬೇಕು. ಆಮೇಲೆ ಪಡೆದವರು ನ್ಯಾಚುರಲೈಸ್ಡ್ ಲೆಕ್ಕಕ್ಕೆ ಬರುತ್ತಾರೆ, 12 ಜನರ ಪಟ್ಟಿಯಲ್ಲಿ ಅಂಥವರು ಒಬ್ಬರೇ. ತಾಯಿಯ ಕಡೆಯಿಂದ ರಕ್ತಸಂಬಂಧ ಇದ್ದರೂ ಪಾಸ್‌ಪೋರ್ಟ್ ತಡವಾದರೆ ಅದೇ ಲೆಕ್ಕ. ಜೋರ್ಡನ್ ಕ್ಲಾರ್ಕ್‌ಸನ್ 2023ರ ವಿಶ್ವಕಪ್‌ನಲ್ಲಿ ಫಿಲಿಪ್ಪೀನ್ಸ್ ಪರ ಆಡಿದ್ದು ಆ ಒಂದು ಜಾಗದಲ್ಲಿ. ಅದರಿಂದಲೇ ಆ ದೇಶದ ಇನ್ನೊಬ್ಬ ನ್ಯಾಚುರಲೈಸ್ಡ್ ಆಟಗಾರ ಜಸ್ಟಿನ್ ಬ್ರೌನ್‌ಲೀ ಮತ್ತು ಕ್ಲಾರ್ಕ್‌ಸನ್ ಒಟ್ಟಿಗೆ ಫೀಬಾ ಪಂದ್ಯ ಆಡಲು ಆಗುವುದಿಲ್ಲ. ಜಪಾನ್‌ಗೆ ಜಾಶ್ ಹಾಕಿನ್‌ಸನ್ ಅದೇ ಜಾಗ ತುಂಬಿದರು.

ನಮ್ಮಲ್ಲಿ ತಡೆ ಇರುವುದು ದೇಶದ ಕಾನೂನಿನಲ್ಲಿ. ಭಾರತ ದ್ವಿಪೌರತ್ವ ಕೊಡುವುದಿಲ್ಲ. ಓಸಿಐ ಕಾರ್ಡ್ (ವಿದೇಶಿ ಪ್ರಜೆಗಳಾಗಿರುವ ಭಾರತೀಯ ಮೂಲದವರಿಗೆ ಕೊಡುವುದು) ಪೌರತ್ವವಲ್ಲ, ಅದನ್ನು ತೋರಿಸಿ ಭಾರತದ ಜೆರ್ಸಿ ಹಾಕಲು ಬರುವುದಿಲ್ಲ. 2008ರಿಂದ ಭಾರತೀಯ ಪಾಸ್‌ಪೋರ್ಟ್ ಇದ್ದವರೇ ರಾಷ್ಟ್ರೀಯ ತಂಡಕ್ಕೆ ಅನ್ನುವುದು ಸರ್ಕಾರದ ನೀತಿ. ಇನ್ನು ಹೊಸದಾಗಿ ಪೌರತ್ವ ಕೊಡೋಣ ಅಂದರೆ, 1955ರ ಪೌರತ್ವ ಕಾಯ್ದೆಯ ಪ್ರಕಾರ ಅರ್ಜಿಗೆ ಮುಂಚಿನ 12 ತಿಂಗಳು ಸತತ ವಾಸ, ಅದಕ್ಕೂ ಹಿಂದಿನ 14 ವರ್ಷದಲ್ಲಿ ಒಟ್ಟು 11 ವರ್ಷ ವಾಸ ಬೇಕು. ಇಪ್ಪತ್ತೆರಡರ ಆಟಗಾರ ಇಲ್ಲಿ ನೆಲೆಸಿದರೆ ಅರ್ಹನಾಗುವ ಹೊತ್ತಿಗೆ ಮೂವತ್ತನಾಲ್ಕು ದಾಟಿರುತ್ತಾನೆ. ಭುಲ್ಲರ್ 2015ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಪರ ಆಡಿ ಎನ್‌ಬಿಎಗೆ ಇಳಿದ ಮೊದಲ ಭಾರತೀಯ ಮೂಲದ ಆಟಗಾರ, ಆದರೆ ಕೆನಡಾದ ಪ್ರಜೆ. ಆ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಬರಲು ಯಾರನ್ನೂ ಕೇಳುವುದು ನ್ಯಾಯವಲ್ಲ.

ಅಂಗಣದಲ್ಲಿ ಇದರ ಪರಿಣಾಮ ಏನು? ಶಾಟ್ ಕ್ಲಾಕ್‌ನಲ್ಲಿ ಆರು ಸೆಕೆಂಡ್ ಉಳಿದು ಆಟ ಕೆಟ್ಟಾಗ ಎದುರಾಳಿಗೆ ಚೆಂಡು ಕೊಡಲು ಒಬ್ಬನಿದ್ದಾನೆ, ಒಬ್ಬನೇ ಎದುರಾಳಿಯನ್ನು ದಾಟಿ ಅಂಕ ತರುತ್ತಾನೆ. ನಮಗೆ ಆ ಆರು ಸೆಕೆಂಡನ್ನೂ ಸ್ಕ್ರೀನ್ (ಕಾವಲುಗಾರನಿಗೆ ಅಡ್ಡ ನಿಲ್ಲುವುದು), ಕಟ್ (ಬುಟ್ಟಿಯತ್ತ ನುಗ್ಗುವುದು) ಹಾಕಿಯೇ ಗೆಲ್ಲಬೇಕು. ಹಾಗಿದ್ದೂ 2014ರಲ್ಲಿ ವುಹಾನ್‌ನಲ್ಲಿ ಚೀನಾವನ್ನು 65–58ಕ್ಕೆ ಸೋಲಿಸಿದ್ದು ನಮ್ಮ ಹನ್ನೆರಡು ಜನರೇ. ಅಂಕಗಳನ್ನು ನೋಡಿ, ಎಂಬತ್ತು ತೊಂಬತ್ತಕ್ಕೆ ಓಡುವ ಪಂದ್ಯ ಅಲ್ಲ ಅದು. ನಿಧಾನಗೊಳಿಸಿದ, ಕಾವಲಿನಿಂದ ಗೆದ್ದ ಪಂದ್ಯ. ನಮ್ಮ ದಾರಿ ಇಂದಿಗೂ ಅದೇ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮಡಗಾಂವ್ ರೀಬೌಂಡ್

ಮನೆಯ ಪಂದ್ಯ ಯಾಕೆ ಯಾವಾಗಲೂ ಬೆಂಗಳೂರು, ಚೆನ್ನೈ? 2019ರ ವಿಶ್ವಕಪ್ ಅರ್ಹತೆಯ ಪಂದ್ಯಗಳು ಕಂಠೀರವ ಒಳಾಂಗಣದಲ್ಲಿ ನಡೆದವು, ಆಮೇಲೆ ಚೆನ್ನೈನ ನೆಹರೂ ಒಳಾಂಗಣ. ಮುಂಬೈಗೋ ಪುಣೆಯ ಬಾಲೇವಾಡಿಗೋ ಗೋವಾಕ್ಕೋ ತರಲು ಏನು ಬೇಕು?

ವಾಸ್ಕೋ ಸ್ಕೋರ್‌ಶೀಟ್

ಅಳತೆ ಸಮಸ್ಯೆಯಲ್ಲ. ಅಂಕಣ 28 ಮೀಟರ್ ಉದ್ದ, 15 ಅಗಲ, ಸುತ್ತ 2 ಮೀಟರ್ ಖಾಲಿ ಜಾಗ, ಅಂದರೆ ಕನಿಷ್ಠ 32ಕ್ಕೆ 19. ಛಾವಣಿ ಅಥವಾ ಕೆಳಗೆ ತೂಗುವ ಯಾವುದೇ ವಸ್ತು 7 ಮೀಟರ್‌ಗಿಂತ ಮೇಲಿರಬೇಕು. ಮೂರಂಕದ ಗೆರೆ 6.75, ಮೂಲೆಯಲ್ಲಿ ಪಕ್ಕದ ಗೆರೆಯಿಂದ 90 ಸೆಂಟಿಮೀಟರ್ ಒಳಗೆ. ತಾಳೇಗಾಂವ್‌ನ ಶಾಮಾಪ್ರಸಾದ್ ಮುಖರ್ಜಿ ಒಳಾಂಗಣ, ನಾವೇಲಿಯ ಮನೋಹರ್ ಪರ್ರಿಕರ್ ಒಳಾಂಗಣ ಎರಡರಲ್ಲೂ ಜಾಗಕ್ಕೇನೂ ಕೊರತೆಯಿಲ್ಲ.

ಕಷ್ಟ ಬರುವುದು ನೆಲದಲ್ಲಿ. ಮರದ ನೆಲ ಬೇಕು, ಅದೂ ಫೀಬಾ ಒಪ್ಪಿದ್ದು. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಮದುವೆ, ಪ್ರದರ್ಶನ ಎಲ್ಲ ನಡೆಯುವ ಸಭಾಂಗಣದಲ್ಲಿ ಬಿಚ್ಚಿ ಜೋಡಿಸುವ ಮರದ ನೆಲ ತಂದು ಹಾಸಬೇಕಾಗುತ್ತದೆ. ಕರಾವಳಿಯಲ್ಲಿ ಇನ್ನೊಂದು ತಾಪತ್ರಯ ತೇವಾಂಶ. ಮರ ತೇವ ಹೀರಿ ಉಬ್ಬುತ್ತದೆ, ಹಲಗೆಯ ಕೂಡಿಕೆ ಮೇಲೇಳುತ್ತದೆ, ಚೆಂಡು ಆ ಜಾಗದಲ್ಲಿ ಸತ್ತ ಹಾಗೆ ಪುಟಿಯುತ್ತದೆ. ಎಸಿ ಪಂದ್ಯದ ಸಂಜೆ ಮಾತ್ರ ಹಾಕಿದರೆ ನೆಲದ ಮೇಲೆ ನೀರಿನ ಪದರ ಕೂತು ಆಟಗಾರ ಜಾರುತ್ತಾನೆ. ನೆಲ ಹಾಸುವ ಮೊದಲಿನಿಂದಲೂ ಒಂದೇ ತಾಪಮಾನ ಕಾಯ್ದುಕೊಳ್ಳಬೇಕು, ವಿದ್ಯುತ್ ಬಿಲ್ ಅಲ್ಲೇ ಏರುವುದು. ಜೂನ್–ಜುಲೈ ವಿಂಡೋ ಮಳೆಗಾಲದ ಬಾಯಿಗೇ ಬೀಳುವುದರಿಂದ ಗೋವಾ, ಮುಂಬೈಗೆ ಕೇಳುವುದಿದ್ದರೆ ನವೆಂಬರ್ ಅಥವಾ ಫೆಬ್ರುವರಿಯದನ್ನು ಕೇಳಬೇಕು.

ಆಗುವುದೇ ಇಲ್ಲ ಅಂತೇನಿಲ್ಲ. 2019ರ ಅಕ್ಟೋಬರ್ 4 ಮತ್ತು 5ರಂದು ವರ್ಳಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಆಡಿದರು, ಮುಂಬೈಯ ಅದೇ ಹವೆಯಲ್ಲಿ. ನಾಗಪಾಡಾದಲ್ಲಿ, ಮಾಟುಂಗಾದ ಇಂಡಿಯನ್ ಜಿಮ್ಖಾನಾದಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಿ ಬೆಳೆದ ಪ್ರೇಕ್ಷಕರು ಇದ್ದೇ ಇದ್ದಾರೆ. ಮನೆಯ ಮೂರು ಪಂದ್ಯಗಳ ಖರ್ಚು ಆತಿಥೇಯ ಫೆಡರೇಷನ್ ತಲೆಯ ಮೇಲೆ, ಆದ್ದರಿಂದ ಸಿದ್ಧ ನೆಲ, ಸಿದ್ಧ ಸಿಬ್ಬಂದಿ ಇರುವ ಊರಿಗೇ ಪಂದ್ಯ ಮರಳಿ ಹೋಗುತ್ತದೆ.

ಮಡಗಾಂವ್ ರೀಬೌಂಡ್

ಮಹಿಳೆಯರ ದಾರಿ ಬೇರೆ, ಅದನ್ನೂ ಸೇರಿಸುತ್ತೇನೆ. ಅಲ್ಲಿ ಈ ಮನೆ–ಹೊರಗೆ ವಿಂಡೋ ಇಲ್ಲ. ಏಷ್ಯಾ ಕಪ್‌ನ ಎ ವಿಭಾಗದಲ್ಲಿ 8 ತಂಡ, ಕೊನೆಯವರು ಬಿ ವಿಭಾಗಕ್ಕೆ ಇಳಿಯುತ್ತಾರೆ, ಬಿ ಗೆದ್ದವರು ಮೇಲೇರುತ್ತಾರೆ. 2021ರಲ್ಲಿ ಅಮ್ಮಾನ್‌ನಲ್ಲಿ ಭಾರತ ಎಂಟನೆಯದಾಗಿ ಕೆಳಗಿಳಿಯಿತು. ಬಿ ವಿಭಾಗದಲ್ಲಿ ಒಂದೇ ಒಂದು ತಂಡ ಮೇಲೆ ಹೋಗುವುದರಿಂದ ಸೆಮಿಫೈನಲ್‌ನಲ್ಲಿ ಒಂದು ಕೆಟ್ಟ ಸಂಜೆ ಬಂದರೆ ಮತ್ತೆರಡು ವರ್ಷ ಕಾಯಬೇಕು. ಅಲ್ಲಿ ಅಂತರಕ್ಕೆ ಬೆಲೆ ಕಡಿಮೆ, ಒಂದು ಪಂದ್ಯಕ್ಕೆ ಬೆಲೆ ವಿಪರೀತ. ನಮ್ಮ ಹುಡುಗಿಯರಿಗೂ ವರ್ಷದಲ್ಲಿ ನಾಲ್ಕಾರು ಮನೆ–ಹೊರಗಿನ ಪಂದ್ಯ ಸಿಗಬೇಕು ಅನ್ನುವುದು ನನ್ನ ಬೇಡಿಕೆ. ಮೂರು ವಾರದ ಶಿಬಿರ, ಒಂದು ವಾರದ ಟೂರ್ನಿಯಿಂದ ತಂಡ ಬೆಳೆಯುವುದಿಲ್ಲ.

ಒಲಿಂಪಿಕ್ಸ್ ಕೇಳುವವರಿಗೆ: ಪುರುಷರಲ್ಲಿ 12 ಜಾಗ ಮಾತ್ರ. ಪ್ಯಾರಿಸ್ 2024ಕ್ಕೆ ಆತಿಥೇಯ ಫ್ರಾನ್ಸ್, 2023ರ ವಿಶ್ವಕಪ್‌ನಿಂದ ಏಳು, ಕೊನೆಗೆ ನಾಲ್ಕು ಅರ್ಹತಾ ಟೂರ್ನಿಗಳಿಂದ ನಾಲ್ಕು. ಆ ಏಳರಲ್ಲಿ ಏಷ್ಯಾಕ್ಕೆ ಒಂದೇ, ಅದು ಜಪಾನ್‌ಗೆ ಹೋಯಿತು. ವಿಶ್ವಕಪ್ ಆಡದೆ ಹೋದವರಿಗೆ 2023ರ ಆಗಸ್ಟ್‌ನಲ್ಲಿ ದಮಾಸ್ಕಸ್‌ನಲ್ಲಿ ಪೂರ್ವ ಅರ್ಹತೆ ಇತ್ತು, ಭಾರತವೂ ಆಡಿತು, ಗೆದ್ದದ್ದು ಬಹ್ರೇನ್. ಭಾರತ ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್ ಆಡಿದ್ದು 1980ರ ಮಾಸ್ಕೋದಲ್ಲಿ ಒಮ್ಮೆ ಮಾತ್ರ.

ಚಿಂಚವಾಡ ಜಂಪ್‌ಶಾಟ್

ಒಂದು ಉಳಿಯಿತು. ಹೊರಗೆ 8ರಿಂದ ಸೋತು ಮನೆಯಲ್ಲಿ ಸರಿಯಾಗಿ 8ರಿಂದಲೇ ಗೆದ್ದರೆ?

ಡೆಕ್ಕನ್ ಪಾಯಿಂಟ್‌ಗಾರ್ಡ್

ಮೆಟ್ಟಿಲು ಹಿಂಗದಾವ: ಪರಸ್ಪರ ಗೆಲುವು, ಪರಸ್ಪರ ಅಂತರ, ಪರಸ್ಪರ ಪಂದ್ಯದಾಗ ಹಾಕಿದ ಅಂಕ, ಆಮ್ಯಾಲ ಗುಂಪಿನ ಎಲ್ಲಾ ಪಂದ್ಯದ ಅಂತರ, ಕೊನಿಗೆ ಗುಂಪಿನಾಗ ಹಾಕಿದ ಒಟ್ಟು ಅಂಕ. ಇಬ್ಬರ ನಡುವಿನ ಟೈಗೆ ಮೂರನೇ ಮೆಟ್ಟಿಲು ಉಪಯೋಗಕ್ಕ ಬರಂಗಿಲ್ಲ. ಎರಡು ಪಂದ್ಯ ಕೂಡಿ ಅಂತರ ಸೊನ್ನೆ ಅಂದಮ್ಯಾಲ ಇಬ್ರೂ ಹಾಕಿದ ಅಂಕ ಒಂದೇ ಇರ್ತದ: 70 ಮತ್ತ 83 ಕೂಡಿದ್ರ 153, 78 ಮತ್ತ 75 ಕೂಡಿದ್ರೂ 153. ಸೀದಾ ನಾಲ್ಕನೇ ಮೆಟ್ಟಿಲಿಗೆ ಹೋಗಬೇಕು. ಅಲ್ಲಿ ಲೆಬನಾನ್ ಎದುರು 40ರಿಂದ ಸೋತೀರೋ 22ರಿಂದ ಸೋತೀರೋ ಅನ್ನೋದು ಲೆಕ್ಕಕ್ಕ ಬರ್ತದ. ಹಿಂಗಾಗಿ ಬೆಂಚಿನ ಹನ್ನೆರಡನೇ ಆಟಗಾರ ಕೊನೇ ಮೂರು ನಿಮಿಷಕ್ಕ ಇಳಿದಾಗ ಅವನೂ ಕಾವಲು ಬಿಡಬಾರದು.